ಚೆಂಡು ಕಾಲಿಗೆ ಬರುವ ಮುಂಚಿನ ಆಟ

ಹೊಸೂರಿನ ಆಲಸನತ್ತಂ ಸುತ್ತ ಬಡಾವಣೆ ಮೇಲೆ ಬಡಾವಣೆ ಎದ್ದು, ಚೆಂಡಾಡುವ ಖಾಲಿ ಜಾಗ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಇನ್ನೂ ಮನೆ ಏಳದ ಸೈಟು, ಶಾಲೆಯ ಅಂಗಳ, ದುಡ್ಡು ಕೂಡಿಸಿದ ದಿನ ಬಾಡಿಗೆಯ ಟರ್ಫ್ – ಇಷ್ಟರಲ್ಲೇ ಹುಡುಗರ ಫುಟ್‌ಬಾಲ್ ನಡೆಯಬೇಕು. ನೆಲ ಕೆಂಪು ಮಣ್ಣಿನದು. ಬೇಸಿಗೆಯಲ್ಲಿ ಒಣಗಿ ಗಟ್ಟಿಯಾಗುತ್ತದೆ, ಮಳೆ ಬಿದ್ದ ಮಾರನೆಯ ದಿನ ಕಾಲು ಜಾರುತ್ತದೆ, ನಡುನಡುವೆ ಜಲ್ಲಿಕಲ್ಲು ಬೇರೆ. ಇಂಥ ಕಡೆ ಗೆಳೆಯ ನೇರವಾಗಿ ಒದ್ದ ಚೆಂಡು ನೇರವಾಗಿಯೇ ಬಂದು ತಲುಪುತ್ತದೆ ಎನ್ನುವ ಭರವಸೆ ಇಲ್ಲ. ಕಲ್ಲಿಗೆ ತಾಗಿ ಮೊಣಕಾಲೆತ್ತರಕ್ಕೆ ಪುಟಿಯಬಹುದು, ಪಕ್ಕಕ್ಕೆ ಸಿಡಿಯಬಹುದು.

ಮೊಬೈಲಿನಲ್ಲಿ ನೋಡಿ ಕಲಿತ ಸ್ಟೆಪ್‌ಓವರ್, ರೇನ್‌ಬೋ ಫ್ಲಿಕ್‌ನಂಥ ಟ್ರಿಕ್‌ಗಳು ಈ ನೆಲದಲ್ಲಿ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಉಪಯೋಗಕ್ಕೆ ಬರುವುದು ಎರಡೇ: ಬರುವ ಚೆಂಡನ್ನು ಮೊದಲ ಟಚ್‌ನಲ್ಲೇ ಹತೋಟಿಗೆ ತಂದುಕೊಳ್ಳುವುದು, ಮತ್ತು ಚೆಂಡು ಬರುವ ಮುಂಚೆಯೇ ಮುಂದೇನು ಮಾಡಬೇಕೆಂದು ತಿಳಿದಿರುವುದು. ಈ ಎರಡು ಬಂದವನಿಗೆ ಉಳಿದದ್ದೆಲ್ಲ ತಾನಾಗಿ ಕೂಡಿಬರುತ್ತದೆ. ಇವು ಬಾರದವನ ಕಾಲಲ್ಲಿ ಎಷ್ಟು ಟ್ರಿಕ್ ಇದ್ದರೂ ಎದುರಾಳಿ ಆರಾಮವಾಗಿ ಚೆಂಡು ಕಿತ್ತುಕೊಂಡು ಹೋಗುತ್ತಾನೆ. ಆಡುವವರಿಗೂ ಗ್ಯಾಲರಿಯಲ್ಲಿ ಕೂತು ನೋಡುವವರಿಗೂ ಹೇಳಬೇಕಾದ ಮೊದಲ ಮಾತು ಇದೇ ಎಂದು ನಾನು ನಂಬಿದ್ದೇನೆ.

ಬರಿಗಾಲಿನವರು

ಹೊಸೂರು ರಸ್ತೆ ಹಿಡಿದು ಬೆಂಗಳೂರಿಗೆ ಹೋದರೆ ರಸ್ತೆ ಮುಗಿಯುವ ಹೊತ್ತಿಗೆ ಆಸ್ಟಿನ್ ಟೌನ್, ಅಶೋಕನಗರ. ಅತ್ತ ಹಲಸೂರಿನ ಗೌತಮಪುರ. ಕಂಟೋನ್ಮೆಂಟಿನ ಈ ಬೀದಿಗಳು ಭಾರತದ ಫುಟ್‌ಬಾಲಿಗೆ ಕೊಟ್ಟ ಹೆಸರುಗಳನ್ನು ನೋಡಿದರೆ ರಾಜ್ಯದ ಗಡಿಯ ಈ ಕಡೆ, ತಮಿಳುನಾಡಿನಲ್ಲಿ ಇರುವ ನಮಗೆ ಹತ್ತಿರದವರೇ ಅನ್ನಿಸುತ್ತದೆ: ಸಾರಂಗಪಾಣಿ ರಾಮನ್, ಧನರಾಜ್, ಅಹ್ಮದ್ ಖಾನ್, ಅರುಮೈನಾಯಗಂ, ಉಲಗನಾಥನ್. ಮನೆಯಲ್ಲಿ ತಮಿಳೋ ಉರ್ದುವೋ, ಬೀದಿಯಲ್ಲಿ ಕನ್ನಡ, ಆಟಕ್ಕೆ ಇಳಿದರೆ ಮೂರೂ ಬೆರೆತ ಕೂಗಾಟ. ಹೊಸೂರಿನ ಮೈದಾನಗಳಲ್ಲಿ ತೆಲುಗೂ ಸೇರಿಕೊಂಡು ಈಗಲೂ ನಡೆಯುವುದು ಹೀಗೆಯೇ.

1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ವಿರುದ್ಧ ಆಡಿತು. ನಮ್ಮವರಲ್ಲಿ ಹೆಚ್ಚಿನವರದು ಬರಿಗಾಲು. ಎರಡು ಪೆನಾಲ್ಟಿ ಕೈತಪ್ಪಿದವು. ಪಂದ್ಯ 1-2ರಿಂದ ಹೋಯಿತು. ಆ ಒಂದು ಗೋಲು ರಾಮನ್ ಅವರದು. ನಾಲ್ಕು ವರ್ಷಗಳ ನಂತರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ನಮ್ಮನ್ನು 10-1ರಿಂದ ಸೋಲಿಸಿತು. ಆಗಲೂ ನಮ್ಮ ಕಡೆಯ ಏಕೈಕ ಗೋಲು ಬೆಂಗಳೂರಿನವರದೇ, ಅಹ್ಮದ್ ಖಾನ್ ಅವರದು. ಆ ಸೋಲಿನ ನಂತರ ಬೂಟು ಕಡ್ಡಾಯವಾಯಿತು.

ಬರಿಗಾಲಿನ ಆಟದಲ್ಲಿ ಬಲವಾದ ಶಾಟ್ ಕಷ್ಟ, ಒದ್ದೆ ನೆಲದಲ್ಲಿ ನಿಲ್ಲುವುದೇ ಕಷ್ಟ. ಆದರೆ ಚೆಂಡಿನ ಹದ ಕಾಲಿಗೆ ನೇರವಾಗಿ ತಿಳಿಯುತ್ತದೆ. ಅಹ್ಮದ್ ಖಾನ್ ಡ್ರಿಬ್ಲಿಂಗ್‌ಗೆ ಹೆಸರಾದವರು. ಈಸ್ಟ್ ಬೆಂಗಾಲ್ ತಂಡದ ಮುಂಚೂಣಿಯ ಐವರನ್ನು ಕೋಲ್ಕತ್ತದ ಜನ ‘ಪಂಚ ಪಾಂಡವರು’ ಎಂದು ಕರೆಯುತ್ತಿದ್ದ ಕಾಲದಲ್ಲಿ ಅವರೂ ಧನರಾಜ್ ಅವರೂ ಅದರಲ್ಲಿದ್ದರು. ಪಂದ್ಯಕ್ಕೆ ಬೂಟು ಬೇಕೇ ಬೇಕು. ಆದರೆ ಜಲ್ಲಿ ಇಲ್ಲದ ನುಣುಪು ಜಾಗ ಸಿಕ್ಕರೆ ಅಭ್ಯಾಸದಲ್ಲಿ ಹತ್ತು ನಿಮಿಷ ಬರಿಗಾಲಲ್ಲಿ ಚೆಂಡು ಉರುಳಿಸಿ ನೋಡಿ. ಪಾದದ ಯಾವ ಜಾಗ ಯಾವ ಕೆಲಸಕ್ಕೆ ಎಂಬುದು ಬೇಗ ಗೊತ್ತಾಗುತ್ತದೆ.

ಮೊದಲ ಟಚ್

ಗಟ್ಟಿ ಗೋಡೆಗೆ ಬಡಿದ ಚೆಂಡು ಅಷ್ಟೇ ರಭಸದಿಂದ ವಾಪಸ್ ಬರುತ್ತದೆ. ಕಾಲನ್ನು ಬಿಗಿಹಿಡಿದು ನಿಂತರೆ ಆಗುವುದೂ ಅದೇ. ಕಟ್ಟಡ ಕೆಲಸದಲ್ಲಿ ಕೆಳಗಿನವನು ಎಸೆದ ಇಟ್ಟಿಗೆಯನ್ನು ಸಾರುವೆ ಮೇಲೆ ನಿಂತವನು ಹೇಗೆ ಹಿಡಿಯುತ್ತಾನೆ ನೋಡಿ: ಇಟ್ಟಿಗೆ ತಾಗುವ ಹೊತ್ತಿಗೆ ಕೈಯೂ ಅದರ ಜೊತೆಗೇ ಸರಿಯುತ್ತದೆ, ಏಟು ಅಲ್ಲೇ ಕರಗುತ್ತದೆ. ಕಾಲು ಮಾಡಬೇಕಾದ್ದೂ ಅದನ್ನೇ.

ಮಾಡುವ ಬಗೆ ಹೀಗೆ. ಚೆಂಡಿನ ದಾರಿಗೆ ಮೈ ತಂದುಕೊಳ್ಳಿ. ಊರಿದ ಕಾಲಿನ ಮಂಡಿ ತುಸು ಬಗ್ಗಿರಲಿ, ಮೈಭಾರ ಅಂಗಾಲಿನ ಮುಂಭಾಗದ ಮೇಲಿರಲಿ, ಹಿಮ್ಮಡಿಯ ಮೇಲೆ ಬೇಡ. ತಡೆಯುವ ಕಾಲನ್ನು ಹೊರಕ್ಕೆ ತಿರುಗಿಸಿ, ಪಾದದ ಒಳಭಾಗವನ್ನು ಚೆಂಡಿಗೆ ಎದುರಾಗಿ ಹಿಡಿಯಿರಿ. ಕಣಕಾಲು ಗಟ್ಟಿ, ಸೊಂಟದಿಂದ ಕೆಳಗಿನ ಕಾಲು ಸಡಿಲ. ಚೆಂಡು ತಾಗುವ ಕ್ಷಣದಲ್ಲಿ ಕಾಲನ್ನು ಒಂದು ಗೇಣು ಹಿಂದಕ್ಕೆ ಬಿಡಿ. ಪಾದ ನೆಲದಿಂದ ಚೆಂಡಿನ ಅರ್ಧ ಎತ್ತರದಲ್ಲಿರಬೇಕು. ಪೂರ್ತಿ ನೆಲಕ್ಕೆ ತಾಗಿಸಿದರೆ ಚೆಂಡು ಪಾದವೇರಿ ಹಾರುತ್ತದೆ, ತೀರಾ ಎತ್ತಿದರೆ ಅಡಿಯಿಂದ ನುಸುಳಿ ಹೋಗುತ್ತದೆ.

ಇಷ್ಟಾದರೆ ಚೆಂಡು ನಿಲ್ಲುತ್ತದೆ. ಆದರೆ ನಿಂತ ಚೆಂಡಿನಿಂದ ಲಾಭ ಕಡಿಮೆ. ಒಳ್ಳೆಯ ಟಚ್ ಎಂದರೆ ಚೆಂಡನ್ನು ಮುಂದೆ ಹೋಗಬೇಕಾದ ಕಡೆಗೆ, ಒಂದು ಹೆಜ್ಜೆ ದೂರಕ್ಕೆ ಸರಿಸುವುದು. ಬಲಗಡೆ ಎದುರಾಳಿ ಇದ್ದರೆ ಎಡಕ್ಕೆ. ಎದುರಿಗೇ ಜಾಗ ಇದ್ದರೆ ಮೈ ತೆರೆದು ದೂರದ ಕಾಲಿನಿಂದ ಮುಂದಕ್ಕೆ. ‘ದೂರದ ಕಾಲು’ ಅಂದರೆ ಚೆಂಡು ಎಡದಿಂದ ಬರುತ್ತಿದ್ದರೆ ಬಲಗಾಲು. ಹೀಗೆ ತೆಗೆದುಕೊಂಡಾಗ ಮೈ ಅರ್ಧ ತಿರುಗಿಯೇ ಇರುತ್ತದೆ. ಬಂದ ಕಡೆಯೂ ಕಾಣುತ್ತದೆ, ಹೋಗುವ ಕಡೆಯೂ ಕಾಣುತ್ತದೆ. ಹತ್ತಿರದ ಕಾಲಲ್ಲಿ ತೆಗೆದುಕೊಂಡವನು ಮತ್ತೆ ತಿರುಗಬೇಕು, ಆ ಹೊತ್ತಿಗೆ ಬೆನ್ನ ಮೇಲೆ ಇನ್ನೊಬ್ಬ ಬಂದಿರುತ್ತಾನೆ.

ಏರುಪೇರಾದ ನೆಲದಲ್ಲಿ ಒಂದು ಎಚ್ಚರ ಹೆಚ್ಚು ಬೇಕು: ಚೆಂಡಿಗಾಗಿ ಕಾದು ನಿಲ್ಲದೆ ಅದರ ಕಡೆಗೆ ಎರಡು ಹೆಜ್ಜೆ ಹಾಕಿ. ದೂರ ಕಡಿಮೆಯಾದಷ್ಟೂ ಕಲ್ಲಿಗೆ ತಾಗಿ ತಪ್ಪುವ ಸಾಧ್ಯತೆ ಕಡಿಮೆ. ಪುಟಿದು ಬಂದರೆ ಪಾದವನ್ನೇ ನೆಚ್ಚದೆ ತೊಡೆ, ಎದೆ ಮುಂದೊಡ್ಡಿ. ಎದೆಯಲ್ಲಿ ತೆಗೆದುಕೊಳ್ಳುವಾಗ ಉಸಿರು ಬಿಡುತ್ತಾ ಎದೆಯನ್ನು ಒಳಗೆಳೆದುಕೊಂಡರೆ ಚೆಂಡು ಕಾಲ ಬುಡಕ್ಕೆ ಬೀಳುತ್ತದೆ.

ಇದಕ್ಕೆ ಕೋಚಿಂಗ್ ಫೀಸು ಬೇಕಿಲ್ಲ, ಒಂದು ಗೋಡೆ ಸಾಕು. ಮೂರು ಮೀಟರ್ ದೂರ ನಿಂತು ಗೋಡೆಗೆ ಒದೆಯಿರಿ, ಬಂದದ್ದನ್ನು ಒಂದು ಟಚ್‌ನಲ್ಲಿ ಪಕ್ಕಕ್ಕೆ ಸರಿಸಿ, ಎರಡನೆಯದರಲ್ಲಿ ಮತ್ತೆ ಒದೆಯಿರಿ. ಬಲಗಾಲು ಸ್ವಲ್ಪ ಹೊತ್ತು, ಎಡಗಾಲು ಅದಕ್ಕಿಂತ ಹೆಚ್ಚು ಹೊತ್ತು. ಹತೋಟಿ ಬಂದ ಮೇಲೆ ಆರು ಮೀಟರ್‌ಗೆ ಹೋಗಿ. ಪಾಸಿಂಗ್ ಬಗ್ಗೆ ಬೇರೆ ಪಾಠ ಹೆಚ್ಚೇನೂ ಬೇಡ, ಇದರಲ್ಲೇ ಅದೂ ಬರುತ್ತದೆ: ಊರಿದ ಕಾಲು ಚೆಂಡಿನ ಪಕ್ಕ, ಅದರ ಬೆರಳು ಗುರಿಯ ಕಡೆ, ಪಾದದ ಒಳಭಾಗ ಚೆಂಡಿನ ನಡುವಿಗೆ, ಒದ್ದ ಮೇಲೂ ಕಾಲು ಗುರಿಯತ್ತಲೇ ಸಾಗಲಿ.

ಹೆಗಲ ಮೇಲಿಂದ ನೋಡುವುದು

ನಾರ್ವೆಯ ಸಂಶೋಧಕ ಗೈರ್ ಯೋರ್ಡೆಟ್ ವರ್ಷಗಟ್ಟಲೆ ಒಂದೇ ವಿಷಯದ ಹಿಂದೆ ಬಿದ್ದವರು. ಪಂದ್ಯದಲ್ಲಿ ಚೆಂಡನ್ನು ಬಿಟ್ಟು ಆಟಗಾರನನ್ನೇ ಹತ್ತಿರದಿಂದ ತೋರಿಸುವ ವಿಡಿಯೊಗಳನ್ನು ನೋಡಿ, ಚೆಂಡು ಸಿಗುವ ಮುಂಚಿನ ಕ್ಷಣಗಳಲ್ಲಿ ಅವನ ತಲೆ ಎಷ್ಟು ಸಲ ಅತ್ತಿತ್ತ ತಿರುಗುತ್ತದೆ ಎಂದು ಎಣಿಸಿದರು. ಮೇಲ್ಮಟ್ಟದ ಮಿಡ್‌ಫೀಲ್ಡರ್‌ಗಳಲ್ಲಿ ಹೆಚ್ಚು ಸಲ ನೋಡುವವರು ಹೆಚ್ಚು ಸರಿಯಾದ ಪಾಸ್ ಕೊಡುತ್ತಾರೆ ಎಂದು ಕಂಡುಬಂತು. ಅವರ ಲೆಕ್ಕದಲ್ಲಿ ಎದ್ದುಕಂಡವರಲ್ಲಿ ಇಂಗ್ಲೆಂಡಿನ ಫ್ರಾಂಕ್ ಲ್ಯಾಂಪಾರ್ಡ್ ಒಬ್ಬರು.

ನಮ್ಮ ಹುಡುಗರ ಆಟದಲ್ಲಿ ಎಲ್ಲಕ್ಕಿಂತ ಕಡಿಮೆ ಇರುವುದು ಇದೇ. ಎಲ್ಲರ ಕಣ್ಣೂ ಚೆಂಡಿನ ಮೇಲೆ. ಚೆಂಡು ಕಾಲಿಗೆ ಬಂದ ಮೇಲೆ ತಲೆ ಎತ್ತಿ, ಯಾರಿಗೆ ಕೊಡಲಿ ಎಂದು ಹುಡುಕಾಟ. ಅಷ್ಟರಲ್ಲಿ ಇಬ್ಬರು ಮೈಮೇಲೆ ಬಿದ್ದಿರುತ್ತಾರೆ. ಅಭ್ಯಾಸ ಮಾಡಿಕೊಳ್ಳಬೇಕಾದ ಹೊತ್ತು ಎರಡು. ಗೆಳೆಯನ ಕಡೆಗೆ ಚೆಂಡು ಹೋಗುತ್ತಿರುವಾಗ ಒಂದು ಸಲ ಹಿಂದೆ ನೋಡಿ. ಅವನು ನಿಮಗೆ ಒದ್ದ ಮೇಲೆ ಚೆಂಡು ದಾರಿಯಲ್ಲಿರುವಾಗ ಇನ್ನೊಂದು ಸಲ. ಪೂರ್ತಿ ತಿರುಗಬೇಕಿಲ್ಲ, ಗದ್ದ ಹೆಗಲಿಗೆ ತಾಗುವಷ್ಟು ಸಾಕು. ಗೋಡೆಯ ಅಭ್ಯಾಸದಲ್ಲೂ ಇದನ್ನು ಸೇರಿಸಬಹುದು: ಹಿಂದೆ ಗೆಳೆಯನೊಬ್ಬ ನಿಂತು ಬೆರಳು ತೋರಿಸಲಿ, ಚೆಂಡು ಗೋಡೆಯಿಂದ ಮರಳುವಷ್ಟರಲ್ಲಿ ನೀವು ತಿರುಗಿ ನೋಡಿ ಎಷ್ಟು ಬೆರಳು ಎಂದು ಕೂಗಬೇಕು. ಮೊದಲ ದಿನ ಚೆಂಡು ತಪ್ಪಿ ಹೋಗುತ್ತಲೇ ಇರುತ್ತದೆ. ಬಿಡಬೇಡಿ.

ಜೊತೆಗೆ ಬಾಯಿ ಬೇಕು. ‘ಹಿಂದೆ ಇದಾನೆ’, ‘ಟೈಮ್ ಇದೆ’, ‘ತಿರುಗು’, ‘ಬಿಡು, ನಂದು’ – ಈ ನಾಲ್ಕು ಕೂಗು ಸರಿಯಾದ ಹೊತ್ತಿಗೆ ಬಂದರೆ ಇಡೀ ತಂಡಕ್ಕೆ ಬೆನ್ನಲ್ಲೂ ಕಣ್ಣು ಬರುತ್ತದೆ. ಮೌನವಾಗಿ ಆಡುವ ತಂಡ ಎಷ್ಟೇ ಪ್ರತಿಭೆ ಇದ್ದರೂ ಅರ್ಧ ತಂಡ.

ಡ್ರಿಬ್ಲಿಂಗ್: ಒಂದೇ ಸಾಕು

1974ರ ವಿಶ್ವಕಪ್ಪಿನಲ್ಲಿ ಡಾರ್ಟ್‌ಮುಂಡ್‌ನಲ್ಲಿ ಹಾಲೆಂಡ್–ಸ್ವೀಡನ್ ಪಂದ್ಯ. ಎಡಗಡೆಯಲ್ಲಿ ಯೋಹಾನ್ ಕ್ರಾಯ್ಫ್, ಅವರ ಬೆನ್ನಿಗೆ ಅಂಟಿಕೊಂಡು ಯಾನ್ ಓಲ್ಸನ್. ಕ್ರಾಯ್ಫ್ ಬಲಗಾಲು ಬೀಸಿ ಚೆಂಡನ್ನು ಒದೆಯುವವರಂತೆ ತೋರಿಸಿದರು. ಓಲ್ಸನ್ ತಡೆಯಲು ವಾಲಿದರು. ಆ ಕ್ಷಣ ಕ್ರಾಯ್ಫ್ ಅದೇ ಬಲಗಾಲಿನ ಒಳಭಾಗದಿಂದ ಚೆಂಡನ್ನು ತಮ್ಮ ಎಡಗಾಲಿನ ಹಿಂದಿನಿಂದ ಎಳೆದು, ಪೂರ್ತಿ ತಿರುಗಿ, ಓಡಿಬಿಟ್ಟರು. ಪಂದ್ಯದಲ್ಲಿ ಗೋಲೇ ಬರಲಿಲ್ಲ, 0-0. ಆದರೂ ಆ ತಿರುವಿಗೆ ಇವತ್ತಿಗೂ ಅವರದೇ ಹೆಸರು.

ಕೆಲಸ ಮಾಡಿದ್ದು ಕಾಲಿನ ಚಳಕ ಮಾತ್ರ ಎಂದುಕೊಳ್ಳಬೇಡಿ. ಒದೆಯುವ ಸೋಗು ನಿಜವೆನ್ನಿಸಿತು, ಎದುರಾಳಿಯ ಮೈಭಾರ ಒಂದು ಕಡೆಗೆ ಹೋಯಿತು, ಆಮೇಲೆ ವೇಗ ಬದಲಾಯಿತು. ಯಾವ ಡ್ರಿಬಲ್ ಆದರೂ ಈ ಮೂರರ ಮೇಲೆಯೇ ನಿಂತಿದೆ. ಹುಡುಗರು ಎಡವುವುದು ಮೂರನೆಯದರಲ್ಲಿ: ಮೋಸಗೊಳಿಸಿದ ಮೇಲೂ ಅದೇ ನಿಧಾನದಲ್ಲಿ ಸಾಗಿ, ಸೋತವನಿಗೆ ಚೇತರಿಸಿಕೊಳ್ಳಲು ಸಮಯ ಕೊಡುತ್ತಾರೆ. ದಾಟಿದ ತಕ್ಷಣದ ಮೂರು ಹೆಜ್ಜೆ ಪೂರ್ತಿ ವೇಗದಲ್ಲಿರಬೇಕು.

ಹತ್ತು ಟ್ರಿಕ್ ಅರೆಬರೆ ಕಲಿಯುವ ಬದಲು ಒಂದೇ ತಿರುವನ್ನು ಎರಡೂ ಕಾಲಲ್ಲಿ, ಎರಡೂ ದಿಕ್ಕಿಗೆ ಕಲಿಯಿರಿ. ಹೊಸಬರಿಗೆ ಎಲ್ಲಕ್ಕಿಂತ ಸುಲಭದ್ದು: ಎಡಕ್ಕೆ ಹೆಗಲು ಬಾಗಿಸಿ ಹೆಜ್ಜೆ ಹಾಕಿ, ಬಲಗಾಲಿನ ಹೊರಭಾಗದಿಂದ ಚೆಂಡನ್ನು ಬಲಕ್ಕೆ ತಳ್ಳಿ ಓಡುವುದು. ಎದುರಾಳಿ ಒಂದೂವರೆ ಮೀಟರ್ ದೂರದಲ್ಲಿರುವಾಗಲೇ ಮಾಡಬೇಕು. ಅವನ ಕಾಲಿಗೆ ಸಿಗುವಷ್ಟು ಹತ್ತಿರ ಹೋದ ಮೇಲೆ ಯಾವುದೂ ನಡೆಯದು. ನಿಮ್ಮ ಪೆನಾಲ್ಟಿ ಚೌಕದ ಹತ್ತಿರ ಡ್ರಿಬ್ಲಿಂಗ್ ಬೇಡವೇ ಬೇಡ.

ಈಗ ಚೆಂಡು ಎದುರಾಳಿಯ ಬಳಿ ಇದೆ, ತಡೆಯುವವರು ನೀವು ಎಂದಾದರೆ ಹೇಳುವುದು ಚಿಕ್ಕದು. ನುಗ್ಗಬೇಡಿ. ಒಂದು ಕಾಲು ಮುಂದಿಟ್ಟು ಓರೆಯಾಗಿ ನಿಂತು, ಅವನ ಕಾಲನ್ನೂ ಕಣ್ಣನ್ನೂ ನೋಡದೆ ಚೆಂಡನ್ನೇ ನೋಡುತ್ತಾ, ಅವನ ದುರ್ಬಲ ಕಾಲಿನ ಕಡೆಗೆ ಸರಿಸುತ್ತಾ ಹಿಂದೆ ಸರಿಯಿರಿ. ಅವನ ಟಚ್ ತುಸು ದೂರ ಹೋದ ಕ್ಷಣ ಕಾಲು ಹಾಕಿ. ಗಟ್ಟಿ ನೆಲದಲ್ಲಿ ಸ್ಲೈಡ್ ಟ್ಯಾಕಲ್ ಮಾಡಿದರೆ ತೊಡೆಯ ಚರ್ಮ ಕಿತ್ತು ಬರುತ್ತದೆ, ಅದನ್ನು ಹುಲ್ಲಿನ ಮೈದಾನಕ್ಕೆ ಉಳಿಸಿಕೊಳ್ಳಿ.

ಒದೆತ ಮತ್ತು ಫ್ರೀ ಕಿಕ್

ರಭಸ ಬೇಕಾದರೆ ಮೇಲ್ಪಾದದಿಂದ, ಅಂದರೆ ಬೂಟಿನ ಲೇಸ್ ಇರುವ ಜಾಗದಿಂದ ಒದೆಯಬೇಕು. ಬೆರಳು ಕೆಳಮುಖ, ಕಣಕಾಲು ಬಿಗಿ, ಊರಿದ ಕಾಲು ಚೆಂಡಿನ ಸಮಕ್ಕೆ, ಎದೆ ಚೆಂಡಿನ ಮೇಲೆ ಬಾಗಿರಬೇಕು. ಹಿಂದಕ್ಕೆ ವಾಲಿದರೆ ಚೆಂಡು 2.44 ಮೀಟರ್ ಎತ್ತರದ ಗೋಲ್‌ಪೋಸ್ಟ್ ಮೇಲಿಂದ ಹಾರಿ ಪಕ್ಕದ ಮನೆಯ ಕಾಂಪೌಂಡಿಗೆ ಬೀಳುತ್ತದೆ.

ತಿರುವು ಬೇಕಾದರೆ ಪಾದದ ಒಳಭಾಗದಿಂದ ಚೆಂಡಿನ ನಡುವಿಗೆ ಒದೆಯದೆ ತುಸು ಪಕ್ಕಕ್ಕೆ ಒದೆಯಬೇಕು. ಬಲಗಾಲಿನವರು ಚೆಂಡಿನ ಬಲ ಅರ್ಧಕ್ಕೆ ಒದ್ದರೆ ಅದು ಸುತ್ತುತ್ತಾ ಎಡಕ್ಕೆ ಬಾಗುತ್ತದೆ. ಸುತ್ತುವ ಚೆಂಡು ತನ್ನ ಸುತ್ತಲಿನ ಗಾಳಿಯನ್ನೂ ಎಳೆದುಕೊಳ್ಳುವುದರಿಂದ ಒಂದು ಬದಿಯಲ್ಲಿ ಒತ್ತಡ ಕಡಿಮೆಯಾಗಿ, ಚೆಂಡು ಆ ಕಡೆಗೆ ಸರಿಯುತ್ತದೆ. ವಿಜ್ಞಾನದಲ್ಲಿ ಇದು ಮ್ಯಾಗ್ನಸ್ ಪರಿಣಾಮ. 1997ರ ಜೂನ್ 3ರಂದು ಲಿಯಾನ್‌ನಲ್ಲಿ ಬ್ರೆಜಿಲ್‌ನ ರಾಬರ್ಟೊ ಕಾರ್ಲೊಸ್ ಫ್ರಾನ್ಸ್ ವಿರುದ್ಧ ಸುಮಾರು 35 ಮೀಟರ್‌ನಿಂದ ಹೊಡೆದದ್ದು ಎಡಗಾಲಿನ ಹೊರಭಾಗದಿಂದ. ಹೊರಗೇ ಹೋಯಿತು ಎನ್ನುವಷ್ಟು ದೂರ ಹೋದ ಚೆಂಡು ಮರಳಿ ಕಂಬಕ್ಕೆ ತಾಗಿ ಒಳಗೆ ಬಂತು, ಕೀಪರ್ ಬಾರ್ತೆಜ್ ನಿಂತಲ್ಲೇ ನಿಂತಿದ್ದರು.

ಆದರೆ ಫ್ರೀ ಕಿಕ್ ಎಂದರೆ ಬರೀ ತಿರುವಲ್ಲ. 2023ರ ಮಾರ್ಚ್ 3ರ ರಾತ್ರಿ ಬೆಂಗಳೂರಿನ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿಗೂ ಕೇರಳ ಬ್ಲಾಸ್ಟರ್ಸ್‌ಗೂ ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ನಾಕೌಟ್ ಪಂದ್ಯ. ಗೋಲಿಲ್ಲದೆ ಹೆಚ್ಚುವರಿ ಸಮಯಕ್ಕೆ ಹೋಗಿತ್ತು. ಪೆನಾಲ್ಟಿ ಚೌಕದ ಹೊರಗೆ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಬ್ಲಾಸ್ಟರ್ಸ್ ಆಟಗಾರರು ಇನ್ನೂ ಚೆಂಡಿಗೆ ಅಡ್ಡವಾಗಿ ವಾಲ್ ಕಟ್ಟಿಕೊಳ್ಳುತ್ತಿದ್ದರು, ಕೀಪರ್ ಸಜ್ಜಾಗಿರಲಿಲ್ಲ. ಸುನಿಲ್ ಚೆಟ್ರಿ ತಡಮಾಡದೆ ಚೆಂಡನ್ನು ಖಾಲಿ ಗೋಲಿಗೆ ಎತ್ತಿ ಹಾಕಿದರು. ರೆಫರಿ ಗೋಲು ಕೊಟ್ಟರು. ಎದುರು ತಂಡ ಪ್ರತಿಭಟಿಸಿ ಮೈದಾನ ಬಿಟ್ಟು ಹೋಯಿತು, ಬೆಂಗಳೂರು ಸೆಮಿಫೈನಲ್ ಸೇರಿತು.

ಈ ಗೋಲಿನ ಬಗ್ಗೆ ಜಗಳ ಇಂದಿಗೂ ನಿಂತಿಲ್ಲ. ನಿಯಮ ತಿಳಿದಿದ್ದರೆ ಒಳ್ಳೆಯದು. ಒದೆಯುವ ತಂಡ ‘ವಾಲ್ ಹಿಂದೆ ಸರಿಸಿ’ ಎಂದು ರೆಫರಿಯನ್ನು ಕೇಳಿದರೆ ಅವರು 9.15 ಮೀಟರ್ ಅಳೆದು ನಿಲ್ಲಿಸುತ್ತಾರೆ, ಆಗ ಸೀಟಿ ಆಗುವವರೆಗೂ ಕಾಯಲೇಬೇಕು. ಕೇಳದಿದ್ದರೆ ತಕ್ಷಣ ಒದೆಯಬಹುದು. ಹಾಗಾಗಿ ಡಿಫೆಂಡರ್‌ಗಳಿಗೆ ನಾನು ಹೇಳುವುದು: ಫೌಲ್ ಆದ ಕೂಡಲೇ ರೆಫರಿಯ ಜೊತೆ ವಾದಕ್ಕೆ ನಿಲ್ಲದೆ, ಒಬ್ಬರು ಚೆಂಡಿನ ಮೇಲೆ ಕಣ್ಣಿಟ್ಟಿರಿ. ಚೆಟ್ರಿ ಅವರ ಆ ಗೋಲಿನ ಮಾರನೆಯ ದಿನ, ಮಾರ್ಚ್ 4ರಂದು, ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ಹೆಸರಿನಲ್ಲಿ 1968-69ರಲ್ಲಿ ಗೆದ್ದ ಮೇಲೆ ಅದೇ ಮೊದಲು. ಆ ಫೈನಲ್‌ನ ಒಂದು ಗೋಲೂ ಫ್ರೀ ಕಿಕ್‌ನದೇ, ರಾಬಿನ್ ಯಾದವ್ ಅವರದು. ಅವರು ವಾಲ್ ನಿಂತ ಮೇಲೆ ಗುರಿಯಿಟ್ಟು ಹೊಡೆದರು.

ತಲೆಯ ಆಟ

2019ರ ಮಾರ್ಚ್ 17ರಂದು ಮುಂಬೈಯಲ್ಲಿ ನಡೆದ ಐಎಸ್‌ಎಲ್ ಫೈನಲ್‌ನಲ್ಲಿ 117ನೇ ನಿಮಿಷಕ್ಕೆ ಡಿಮಾಸ್ ಡೆಲ್ಗಾಡೊ ಹೊಡೆದ ಕಾರ್ನರ್‌ಗೆ ರಾಹುಲ್ ಭೇಕೆ ತಲೆ ಕೊಟ್ಟು ಬೆಂಗಳೂರಿಗೆ ಕಪ್ ತಂದರು. ಚೆಟ್ರಿ ಅವರ ಎತ್ತರ ಸುಮಾರು 170 ಸೆಂಟಿಮೀಟರ್ ಅಷ್ಟೇ, ಆದರೂ ಹೆಡ್ಡರ್‌ನಲ್ಲಿ ಎತ್ತರದ ಡಿಫೆಂಡರ್‌ಗಳನ್ನು ಮೀರಿಸಿದ್ದಾರೆ. ಗುಟ್ಟು ನೆಗೆಯುವ ಹೊತ್ತಿನಲ್ಲಿದೆ: ಓಡಿ ಬಂದು ಒಂಟಿ ಕಾಲಿನಿಂದ ನೆಗೆದು, ಎಲ್ಲರಿಗಿಂತ ಅರೆಕ್ಷಣ ಮೊದಲು ಮೇಲಿರುವುದು. ಚೆಂಡು ತಾಗಬೇಕಾದ್ದು ಹಣೆಗೆ, ಕೂದಲು ಶುರುವಾಗುವ ಜಾಗದ ಕೆಳಗೆ. ಕಣ್ಣು ತೆರೆದಿರಲಿ, ಬಾಯಿ ಮುಚ್ಚಿರಲಿ, ಕುತ್ತಿಗೆ ಬಿಗಿಯಾಗಿರಲಿ. ಚೆಂಡು ಬಂದು ತಲೆಗೆ ಬಡಿಯಲು ಬಿಡದೆ ನೀವೇ ಹೋಗಿ ಹೊಡೆಯಿರಿ.

ಮಕ್ಕಳಿಗೆ ಮಾತ್ರ ಇದು ಬೇಡ. ಇಂಗ್ಲೆಂಡ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್‌ಗಳ ಫುಟ್‌ಬಾಲ್ ಸಂಸ್ಥೆಗಳು 2020ರಲ್ಲೇ ಪ್ರಾಥಮಿಕ ಶಾಲೆ ವಯಸ್ಸಿನ ಮಕ್ಕಳ ತರಬೇತಿಯಲ್ಲಿ ಹೆಡ್ಡಿಂಗ್ ನಿಲ್ಲಿಸಿದವು. ಅಮೆರಿಕದಲ್ಲಿ 10 ವರ್ಷದವರೆಗಿನವರಿಗೆ ಅದಕ್ಕೂ ಮುಂಚೆಯೇ ನಿಷೇಧ ಬಂದಿತ್ತು. ಬೆಳೆಯುವ ಮೆದುಳಿಗೆ ಪೆಟ್ಟು ಬೀಳುವ ವಿಷಯದಲ್ಲಿ ಎಚ್ಚರ ತಪ್ಪಬಾರದು. ನಮ್ಮ ಶಾಲಾ ತರಬೇತುದಾರರೂ ಇದನ್ನು ಗಟ್ಟಿಯಾಗಿ ಪಾಲಿಸಬೇಕು ಎಂಬುದು ನನ್ನ ಆಗ್ರಹ.

ಗ್ಯಾಲರಿಯಿಂದ

ಬೊಮ್ಮಸಂದ್ರದಿಂದ ಆರ್.ವಿ. ರಸ್ತೆಗೆ ಹಳದಿ ಮೆಟ್ರೊ 2025ರ ಆಗಸ್ಟ್‌ನಲ್ಲಿ ಶುರುವಾದ ಮೇಲೆ ಹೊಸೂರಿನವರಿಗೆ ಕಂಠೀರವ ಹತ್ತಿರವಾಗಿದೆ. ಬೊಮ್ಮಸಂದ್ರದವರೆಗೆ ಬಸ್ಸು, ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗ, ಕಬ್ಬನ್ ಪಾರ್ಕ್‌ನಲ್ಲಿ ಇಳಿದು ನಡೆಯಬಹುದು. ರಾತ್ರಿ ಪಂದ್ಯವಾದರೆ ಕೊನೆಯ ರೈಲಿನ ಹೊತ್ತು ನೋಡಿಕೊಂಡು ಹೊರಡಿ.

ಟಿವಿಯಲ್ಲಿ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ. ಸ್ಟೇಡಿಯಂನಲ್ಲಿ ಆ ಬಂಧನ ಇಲ್ಲ. ಒಬ್ಬ ಮಿಡ್‌ಫೀಲ್ಡರನ್ನು ಆರಿಸಿಕೊಂಡು ಹತ್ತು ನಿಮಿಷ ಅವರನ್ನೇ ನೋಡಿ. ಚೆಂಡು ಅತ್ತ ಇರುವಾಗ ಎಲ್ಲಿ ನಿಲ್ಲುತ್ತಾರೆ, ತಲೆ ಎಷ್ಟು ಸಲ ತಿರುಗುತ್ತದೆ, ಯಾವ ಕಾಲಲ್ಲಿ ಚೆಂಡು ತೆಗೆದುಕೊಳ್ಳುತ್ತಾರೆ ಎಂದು ಗಮನಿಸಿ. ಕೀಪರ್‌ಗಳ ಮೇಲೂ ಕಣ್ಣಿಡಿ: 2025-26ರಿಂದ ಚೆಂಡನ್ನು ಕೈಯಲ್ಲಿ ಎಂಟು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಎದುರು ತಂಡಕ್ಕೆ ಕಾರ್ನರ್ ಸಿಗುತ್ತದೆ, ರೆಫರಿ ಕೊನೆಯ ಐದು ಸೆಕೆಂಡನ್ನು ಕೈ ಎತ್ತಿ ಎಣಿಸುತ್ತಾರೆ.

ಕೊಳ್ಳುವ ಮುಂಚೆ

ದೊಡ್ಡವರಿಗೆ 5ನೇ ಸೈಜಿನ ಚೆಂಡು: ಸುತ್ತಳತೆ 68ರಿಂದ 70 ಸೆಂಟಿಮೀಟರ್, ತೂಕ 410ರಿಂದ 450 ಗ್ರಾಂ. ಎಂಟರಿಂದ ಹನ್ನೆರಡು ವರ್ಷದವರಿಗೆ 4ನೇ ಸೈಜು, ಇನ್ನೂ ಚಿಕ್ಕವರಿಗೆ 3. ದೊಡ್ಡ ಚೆಂಡು ಕೊಟ್ಟರೆ ಮಗು ಬೇಗ ಕಲಿಯುತ್ತದೆ ಎನ್ನುವುದು ತಪ್ಪು, ಕಾಲ್ಬೆರಳಿಂದ ಒದೆಯುವ ಕೆಟ್ಟ ಅಭ್ಯಾಸ ಬರುವುದೇ ಅದರಿಂದ. ಗಟ್ಟಿ ನೆಲದಲ್ಲಿ ಆಡುವುದಾದರೆ ಗಾಳಿಯನ್ನು ತುಸು ಕಡಿಮೆಯೇ ಇಡಿ. ಹೆಬ್ಬೆರಳು ಒತ್ತಿದರೆ ಸ್ವಲ್ಪ ಒಳಗೆ ಹೋಗಬೇಕು, ಆಗ ಪುಟಿತ ಹತೋಟಿಯಲ್ಲಿರುತ್ತದೆ.

ಬೂಟಿನ ವಿಷಯದಲ್ಲಿ ಅಂಗಡಿಯವರು ತೋರಿಸುವ ಉದ್ದ ಸ್ಟಡ್‌ಗಳಿಗೆ ಮರುಳಾಗಬೇಡಿ. ಅವು ಹುಲ್ಲಿಗೆ. ಕೆಂಪು ಗಟ್ಟಿ ನೆಲದಲ್ಲಿ ಸ್ಟಡ್ ಒಳಗಿಳಿಯದೆ ಪಾದ ಉರುಳಿ ಕಣಕಾಲು ಉಳುಕುತ್ತದೆ. ಅಡಿಯಲ್ಲಿ ಸಣ್ಣ ಸಣ್ಣ ರಬ್ಬರ್ ಗುಬಟುಗಳಿರುವ ಟರ್ಫ್ ಶೂ ಕೇಳಿ, ಮಣ್ಣಿಗೂ ಬಾಡಿಗೆ ಟರ್ಫ್‌ಗೂ ಅದು ಹೊಂದುತ್ತದೆ. ಸಂಜೆ ಹೊತ್ತು, ಕಾಲು ತುಸು ಊದಿರುವಾಗ, ಆಡುವ ಸಾಕ್ಸ್ ಹಾಕಿಕೊಂಡೇ ಅಳತೆ ನೋಡಿ. ಬೆರಳ ತುದಿಗೂ ಬೂಟಿಗೂ ನಡುವೆ ಕಿರುಬೆರಳ ಅರ್ಧ ಅಗಲದ ಜಾಗ ಸಾಕು. ದುಡ್ಡು ಉಳಿದರೆ ಶಿನ್‌ಗಾರ್ಡ್ ಕೊಳ್ಳಿ; ಉಳಿಯದಿದ್ದರೆ ಬೂಟಿನ ಬೆಲೆಯನ್ನು ಇಳಿಸಿಯಾದರೂ ಅದನ್ನು ಕೊಳ್ಳಿ.